ಮೂರು ಕ್ರೆಡಿಟ್ಟಿನ ಉಪ್ಪಿನಕಾಯಿ

ಬಿ.ಓ.ಎಸ್. ಎಂದರೆ ಯಾವುದೋ ಬಸ್ಸಿನ ಹೆಸರು ಎಂದೇ ನಮ್ಮ ಮನೆಯಾಕೆ ಬಹಳ ವರ್ಷ ತಿಳಿದಿದ್ದಳು. ತಪ್ಪು ಅವಳದ್ದಲ್ಲ. ‘ನಾಳೆ ಬಿ.ಓ.ಎಸ್. ಇದೆ’ ಎಂದು ನಾನು ಹಿಂದಿನ ರಾತ್ರಿ ಹೇಳುತ್ತಿದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ಚೀಲ ಹಿಡಿದು ಹೊರಡುತ್ತಿದ್ದೆ. ರಾತ್ರಿ ಹತ್ತಕ್ಕೆ ಸೊಂಟ ಹಿಡಿದುಕೊಂಡು ಮನೆ ಸೇರುತ್ತಿದ್ದೆ. ಅದು ಬಸ್ಸಲ್ಲದೆ ಇನ್ನೇನಾದೀತು? ಒಂದು ದಿನ ಬೋರ್ಡ್ ಆಫ್ ಸ್ಟಡೀಸ್, ಕಚೇರಿಗನ್ನಡದಲ್ಲಿ ಅಧ್ಯಯನ ಮಂಡಳಿ, ಎಂದು ಬಿಡಿಸಿ ಹೇಳಿದೆ. ‘ಓ, ಭಜನಾ ಮಂಡಳಿ ಥರ’ ಎಂದಳು. ತಿದ್ದಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಒಬ್ಬರು ಹೇಳಿದ್ದನ್ನೇ ಉಳಿದವರು ಹೇಳುತ್ತಾರೆ. ತಾಳ ತಪ್ಪಿದರೂ ಯಾರೂ ನಿಲ್ಲಿಸುವುದಿಲ್ಲ. ಕೊನೆಗೆ ಎಲ್ಲರಿಗೂ ಪ್ರಸಾದ ಉಂಟು. ತಿದ್ದುವುದಕ್ಕೇನಿದೆ?

ಪಠ್ಯಕ್ರಮ ಎಂಬುದು ಮೇಲಿನಿಂದ ಉದುರುತ್ತದೆಂದು ಹುಡುಗರು ನಂಬಿರುತ್ತಾರೆ. ಇಲ್ಲ ಸ್ವಾಮಿ, ಅದು ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತುತ್ತದೆ. ಮೊದಲ ಮೆಟ್ಟಿಲು ಅಧ್ಯಯನ ಮಂಡಳಿ. ಅಲ್ಲೊಬ್ಬರು ಅಧ್ಯಕ್ಷರು, ನಮ್ಮವರೇ ನಾಲ್ಕಾರು ಜನ, ಜೊತೆಗೆ ಬೇರೆ ವಿಶ್ವವಿದ್ಯಾಲಯದಿಂದ ಬಂದ ಬಾಹ್ಯ ಸದಸ್ಯರು. ಈ ಬಾಹ್ಯ ಸದಸ್ಯರ ರೈಲು ಎಷ್ಟು ಗಂಟೆಗೆ ಎಂಬುದರ ಮೇಲೆ ಜ್ಞಾನದ ಗಡಿರೇಖೆಗಳು ನಿಂತಿರುತ್ತವೆ. ಮೂರೂವರೆ ರೈಲಾದರೆ ಮಧ್ಯಾಹ್ನದ ಊಟದ ನಂತರ ನಾಲ್ಕು ಸೆಮಿಸ್ಟರುಗಳು ಒಂದೇ ಉಸಿರಿಗೆ ಪಾಸಾಗುತ್ತವೆ. ಅಲ್ಲಿಂದ ಕಡತ ನಿಕಾಯಕ್ಕೆ, ಅಂದರೆ ಫ್ಯಾಕಲ್ಟಿಗೆ, ಹೋಗಬೇಕು, ನಿಕಾಯದಿಂದ ಶೈಕ್ಷಣಿಕ ಪರಿಷತ್ತಿಗೆ. ಮೈಸೂರಿನವರು ಇದನ್ನು ಶಿಕ್ಷಣ ಮಂಡಳಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಮಧ್ಯೆ ಕೊಡುವ ಗೋಡಂಬಿ ಒಂದೇ. ದುಡ್ಡಿನ ಮಾತಿದ್ದರೆ ಇನ್ನೂ ಮೇಲೆ, ಸಿಂಡಿಕೇಟಿಗೆ. 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯಲ್ಲಿ ಈ ಮೆಟ್ಟಿಲುಗಳೆಲ್ಲ ಇವೆ. ಎಲ್ಲಿ ಕೂತು ಸುಧಾರಿಸಿಕೊಳ್ಳಬೇಕೆಂದು ಮಾತ್ರ ಬರೆದಿಲ್ಲ.

ಒಂದು ವಿಷಯದವರೇ ಓದುವ ಪತ್ರಿಕೆಯಾದರೆ ಈ ಹತ್ತುವ ಕೆಲಸ ಸಲೀಸು. ಬೆನ್ಝೀನ್ ಉಂಗುರಕ್ಕೆ ಆರು ಮೂಲೆ ಯಾಕೆ, ಐದಾದರೆ ಸಾಲದೆ, ಎಂದು ಕೇಳುವ ಧೈರ್ಯ ನನ್ನಂಥ ಕನ್ನಡ ಮೇಷ್ಟರಿಗೆಲ್ಲಿಂದ ಬಂದೀತು? ಕೆಮಿಸ್ಟ್ರಿಯವರೂ ಅಷ್ಟೇ, ಕೇಶಿರಾಜನ ಸಂಧಿ ಪ್ರಕರಣ ಬಂದಾಗ ಕಣ್ಣುಮುಚ್ಚಿ ಕೈಯೆತ್ತುತ್ತಾರೆ. ಆದರೆ ಎಲ್ಲ ವಿದ್ಯಾರ್ಥಿಗಳೂ ಓದಲಿ ಎಂದು ಮಾಡಿದ ಸಾಮಾನ್ಯ ಪತ್ರಿಕೆ ಇದೆಯಲ್ಲ, ಅದು ದಾರಿಬದಿಯ ಹುಣಸೆಮರ. ಹೋಗುವವರು ಬರುವವರು ಎಲ್ಲರೂ ಒಂದೊಂದು ಕಲ್ಲು ಹೊಡೆದೇ ಮುಂದೆ ಹೋಗುವುದು.

2021ರ ಆಗಸ್ಟ್ ನಿಮಗೆ ನೆನಪಿರಬಹುದು. ಮೂಗಿಗೆ ಮಾಸ್ಕು ಕಟ್ಟಿಕೊಂಡಿದ್ದ ಕಾಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತರುವುದರಲ್ಲಿ ಕರ್ನಾಟಕವೇ ಮೊದಲು ಎಂದು ದಿನಪತ್ರಿಕೆಗಳಲ್ಲಿ ಬಂತು. ಆದೇಶ ಆಗಸ್ಟಿನಲ್ಲಿ, ತರಗತಿ ಆ ವರ್ಷವೇ. ಡಿಜಿಟಲ್ ಫ್ಲೂಯೆನ್ಸಿ, ಕೃತಕ ಬುದ್ಧಿಮತ್ತೆ, ಭಾರತದ ಸಂವಿಧಾನ, ಪರಿಸರ ಅಧ್ಯಯನ, ಯೋಗ, ಆರೋಗ್ಯ ಮತ್ತು ಕ್ಷೇಮ, ಹೀಗೆ ಪತ್ರಿಕೆಗಳ ದೊಡ್ಡ ದಿಬ್ಬಣವೇ ಹೊರಟಿತು. ದಿಬ್ಬಣದ ನಡುವೆ ಕುಣಿಯುತ್ತಾ ಬಂದದ್ದು ಓ.ಇ., ಅಂದರೆ ಓಪನ್ ಎಲೆಕ್ಟಿವ್, ಮುಕ್ತ ಆಯ್ಕೆ. ಹುಡುಗ ತನ್ನ ಮುಖ್ಯ ವಿಷಯ ಬಿಟ್ಟು ಬೇರೆಯವರ ಅಂಗಳದಲ್ಲೂ ಸ್ವಲ್ಪ ಆಡಿ ಬರಲಿ ಎಂಬ ಸದಾಶಯ. ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ಒಂದೊಂದು, ತಲಾ 3 ಕ್ರೆಡಿಟ್. ಪರೀಕ್ಷೆಗೆ 60 ಅಂಕ, ಆಂತರಿಕ 40.

ಕ್ರೆಡಿಟ್ ಎಂದೆನಲ್ಲ, ಅದು ಎಲ್ಲಿ ಹುಟ್ಟಿತೆಂದು ನಿಮಗೆ ಗೊತ್ತೆ? ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡೆ, ಓದಿ ಬಹಳ ಖುಷಿಪಟ್ಟೆ. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಮೇಷ್ಟರುಗಳ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಎತ್ತಿಟ್ಟ. ಈಗ ಕೊಡುವುದು ಯಾರಿಗೆ? ನಾನೂ ಕಾಲೇಜು, ನಾನೂ ಕಾಲೇಜು ಎಂದು ಸಾಲು ನಿಂತರೆ? ಅದಕ್ಕೆ ಅವನ ಪ್ರತಿಷ್ಠಾನದವರು ಒಂದು ಅಳತೆಗೋಲು ಮಾಡಿದರು. ಹೈಸ್ಕೂಲಿನಲ್ಲಿ ಒಂದು ವಿಷಯವನ್ನು ವರ್ಷಕ್ಕೆ 120 ಗಂಟೆ ಓದಿದರೆ ಒಂದು ಯೂನಿಟ್. ಇಂತಿಷ್ಟು ಯೂನಿಟ್ ಓದಿ ಬಂದವರನ್ನೇ ಸೇರಿಸಿಕೊಳ್ಳುವ ಕಾಲೇಜಿನ ಮೇಷ್ಟರಿಗೆ ಮಾತ್ರ ಪಿಂಚಣಿ. ವಿದ್ಯೆಯನ್ನು ಗಂಟೆಯಲ್ಲಿ ಅಳೆಯುವ ಚಟ ಊರೂರಿಗೆ ಹಬ್ಬಿದ್ದು ಹೀಗೆ. ಮೇಷ್ಟರ ಪಿಂಚಣಿಯ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಕೊನೆಗೆ ವಿದ್ಯಾರ್ಥಿಗಳ ತಲೆಯ ಮೇಲೆ ಕೂತಿತು. ನನ್ನ ಪಿಂಚಣಿ ತಿಂಗಳ ಮೊದಲ ವಾರ ಬರುತ್ತದೆ, ದೂರಲಾರೆ.

ಎಲ್ಲಿದ್ದೆ? ಓ.ಇ. ನಮ್ಮ ವಿಶ್ವವಿದ್ಯಾಲಯದ ಹೆಸರು ಬೇಡ. ಹೆಸರು ಹೇಳಿದರೆ ಅಲ್ಲಿ ಉಳಿದಿರುವ ನನ್ನ ಗೆಳೆಯರಿಗೆ ಟೀ ಸಿಗುವುದು ಕಷ್ಟವಾದೀತು. ಅಲ್ಲಿ ಮುಕ್ತ ಆಯ್ಕೆಯ ಪತ್ರಿಕೆಗಳನ್ನು ಪರಿಶೀಲಿಸಲು ಐದು ಜನರ ಒಂದು ಉಪಸಮಿತಿ ಮಾಡಿದರು. ನಿವೃತ್ತಿ ಹತ್ತಿರವಾದವರನ್ನು ಸಮಿತಿಗೆ ಹಾಕುವುದು ವಾಡಿಕೆ. ಜಗಳವಾದರೂ ಬಹಳ ದಿನ ಉಳಿಯುವುದಿಲ್ಲವಲ್ಲ! ಹೀಗೆ ನಾನೂ ಅಲ್ಲಿದ್ದೆ. ಕಡತದಲ್ಲಿ ಬಂದ ಪತ್ರಿಕೆಗಳನ್ನು ನೋಡುತ್ತಾ ಹೋದೆ. ವ್ಯಕ್ತಿತ್ವ ವಿಕಸನ ಐದು ವಿಭಾಗಗಳಿಂದ ಬಂದಿತ್ತು. ಅದೇ ಪುಟ, ಅದೇ ಕಾಗುಣಿತ ದೋಷ. ಅವುಗಳ ನಡುವೆ ಕೆಮಿಸ್ಟ್ರಿ ವಿಭಾಗದಿಂದ ಬಂದ ಒಂದು ಪತ್ರಿಕೆಯ ಹೆಸರು ನೋಡಿ ನನ್ನ ಬಾಯಲ್ಲಿ ನೀರೂರಿತು. ಸಭೆಯಲ್ಲಿ ಬಾಯಲ್ಲಿ ನೀರೂರಿದ್ದು, ಊಟದ ವಿಷಯ ಬಿಟ್ಟರೆ, ಅದೇ ಮೊದಲು. ‘ಉಪ್ಪಿನಕಾಯಿಯ ರಸಾಯನಶಾಸ್ತ್ರ.’

ಬರೆದವರು ಸಾಗರದ ಕಡೆಯ ಒಬ್ಬ ಮೇಡಮ್ಮು. ಐದು ಘಟಕ. ಉಪ್ಪು ಮತ್ತು ನೀರಿನ ಸಂಬಂಧ, ಹುಳಿ, ಸಾಸಿವೆ-ಮೆಣಸು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಂದು ನಾಲ್ಕು. ಐದನೆಯದರಲ್ಲಿ ಒಂದೇ ಸಾಲು: ‘ಪ್ರತಿ ವಿದ್ಯಾರ್ಥಿಯು ಒಂದು ಭರಣಿ ಉಪ್ಪಿನಕಾಯಿ ಹಾಕಿ ಸೆಮಿಸ್ಟರಿನ ಕೊನೆಗೆ ತರತಕ್ಕದ್ದು.’

ನಾನು ಬಯಲುಸೀಮೆಯವನು. ನಮ್ಮಲ್ಲಿ ಉಪ್ಪಿನಕಾಯಿ ಅಂದರೆ ನಿಂಬೆಕಾಯಿ, ಬಹಳವಾದರೆ ಮಾವಿನಕಾಯಿ ಹೋಳು. ಮಲೆನಾಡಿನವರ ಅಪ್ಪೆಮಿಡಿಯ ಸಂಭ್ರಮ ನನಗೆ ತಿಳಿದದ್ದು ಆ ಮೇಡಮ್ಮಿನಿಂದ. ಮಿಡಿಯನ್ನು ಮರದಿಂದ ಕೈಯಲ್ಲೇ ಕೊಯ್ಯಬೇಕಂತೆ, ತೊಟ್ಟಿನ ಸಮೇತ. ನೆಲಕ್ಕೆ ಬಿದ್ದು ಪೆಟ್ಟಾದರೆ ಕೊಳೆಯುತ್ತದೆ. ತೊಟ್ಟು ಕಿತ್ತುಹೋದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಉಪ್ಪಿನಲ್ಲಿ ಹಾಕಿಟ್ಟರೆ ಮಿಡಿಯೊಳಗಿನ ನೀರನ್ನು ಉಪ್ಪು ಹೊರಗೆಳೆಯುತ್ತದೆ, ಮಿಡಿ ಅಜ್ಜಿಯ ಕೆನ್ನೆಯಂತೆ ಚಿರುಟುತ್ತದೆ. ಅಷ್ಟು ಉಪ್ಪಿದ್ದಲ್ಲಿ ಕೊಳೆಸುವ ಜೀವಿಗಳಿಗೆ ಬದುಕು ಕಷ್ಟ. ಅವುಗಳ ಮೈಯ ನೀರನ್ನೂ ಉಪ್ಪು ಬಿಡುವುದಿಲ್ಲ. ಆಮೇಲೆ ಸಾಸಿವೆ, ಮೆಣಸಿನ ಖಾರ. ಜೀರಿಗೆ ಪರಿಮಳದ ಮಿಡಿಯೇ ಬೇರೆ, ಅದರ ಮರ ಯಾರ ಬೆಟ್ಟದಲ್ಲಿದೆ ಎಂಬುದು ಮನೆತನದ ಗುಟ್ಟು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಸಿಕ್ಕಿದ್ದು ದಿಲ್ಲಿ-ಚೆನ್ನೈಗಳ ಮಾತಾಯಿತು. ನಮ್ಮ ಉಪಸಮಿತಿಯ ಮಾನ್ಯತೆ ಅಷ್ಟು ಸುಲಭವೆ?

ಮೊದಲ ಕಲ್ಲು ಗೃಹವಿಜ್ಞಾನದವರದ್ದು. ‘ಉಪ್ಪಿನಕಾಯಿ ನಮ್ಮ ವ್ಯಾಪ್ತಿ.’ ಸೂಕ್ಷ್ಮಜೀವಿ ವಿಭಾಗದವರು ನಾಲ್ಕನೆಯ ಘಟಕ ತಮ್ಮದೆಂದರು. ವಾಣಿಜ್ಯದವರು, ಬೆಲೆ ನಿಗದಿ ಮತ್ತು ಪ್ಯಾಕಿಂಗು ಸೇರಿಸಿದರೆ ಬೆಂಬಲಿಸುತ್ತೇವೆ ಎಂದರು. ನಾನು ಸುಮ್ಮನಿದ್ದೇನೆ ಎಂದುಕೊಂಡಿರೋ? ‘ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಎಂಬ ಗಾದೆಯಿಂದ ಆರಂಭಿಸಿ ಕನ್ನಡ ಗಾದೆಗಳಲ್ಲಿ ಆಹಾರ ಎಂದು ಅರ್ಧ ಘಟಕ ಇರಲಿ’ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಇದರ ಬುಡದಲ್ಲಿದ್ದದ್ದು ಉಪ್ಪೂ ಅಲ್ಲ, ಹುಳಿಯೂ ಅಲ್ಲ, ಕಾರ್ಯಭಾರ. ವರ್ಕ್‌ಲೋಡು ಎಂದರೆ ಬೇಗ ತಿಳಿಯುತ್ತದೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕೆಂದು ಯು.ಜಿ.ಸಿ. ಹೇಳುತ್ತದೆ. ನಿಮ್ಮ ವಿಷಯಕ್ಕೆ ಹುಡುಗರೇ ಬರದಿದ್ದರೆ ಆ ಗಂಟೆಗಳನ್ನು ಎಲ್ಲಿಂದ ತರುತ್ತೀರಿ? ಎಲ್ಲರಿಗೂ ತೆರೆದ ಪತ್ರಿಕೆಯೊಂದು ಸಿಕ್ಕರೆ ಬಚಾವ್. ಖಾಯಂ ನೌಕರಿಯವರು ಇದಕ್ಕಾಗಿ ಕಾದಾಡುವುದನ್ನು ನೋಡಿ ನಗಬಹುದು, ನಾನೂ ನಕ್ಕಿದ್ದೇನೆ. ಆದರೆ ಸಭೆಯ ಬಾಗಿಲ ಹೊರಗೆ ಒಬ್ಬ ಅತಿಥಿ ಉಪನ್ಯಾಸಕ ನಿಂತಿರುತ್ತಿದ್ದ. ಹತ್ತು ವರ್ಷ ಪಾಠ ಮಾಡಿದವನು. ವಾರದ ಮೂರು ಗಂಟೆ ಈ ಕಡೆಗೋ ಆ ಕಡೆಗೋ ಎಂಬುದರ ಮೇಲೆ ಅವನ ಮನೆಯ ಬಾಡಿಗೆ ನಿಂತಿತ್ತು. ಒಳಗೆ ಏನಾಯ್ತು ಸಾರ್ ಎಂದು ಕೇಳಿದ. ಉಪ್ಪಿನಕಾಯಿ ಮಾತು ನಡೀತಿದೆ ಎಂದೆ. ಅವನು ನಗಲಿಲ್ಲ.

ಎಲ್ಲರೂ ಓದಲಿ ಎಂಬ ಈ ಸಾಮಾನ್ಯ ಶಿಕ್ಷಣದ ಮಾತಿಗೆ ದೊಡ್ಡ ವಂಶಾವಳಿ ಇದೆ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1919ರಲ್ಲಿ ಎಲ್ಲರೂ ಓದಲೇಬೇಕಾದ ನಾಗರಿಕತೆಯ ಪತ್ರಿಕೆ ಶುರುವಾಯಿತು, ಮೊದಲ ಮಹಾಯುದ್ಧದ ಕಾವಿನಲ್ಲಿ ಮೊಳೆತದ್ದು. ಹಾರ್ವರ್ಡಿನ ಸಮಿತಿಯೊಂದು 1945ರಲ್ಲಿ ದೊಡ್ಡ ವರದಿ ಕೊಟ್ಟಿತು. ರಟ್ಟು ಕೆಂಪಗಿದ್ದುದರಿಂದ ಅದರ ಹೆಸರೇ ಕೆಂಪು ಪುಸ್ತಕ ಎಂದಾಯಿತು. ಒಳಗೇನಿದೆ ಎನ್ನುವುದಕ್ಕಿಂತ ರಟ್ಟಿನ ಬಣ್ಣ ನೆನಪಿರುವುದು ಅಲ್ಲಿಯೂ ಉಂಟು ನೋಡಿ. ನಮ್ಮಲ್ಲಿ 1948ರಲ್ಲಿ ನೇಮಕವಾದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವೂ ಸಾಮಾನ್ಯ ಶಿಕ್ಷಣ ಬೇಕೆಂದು ಹೇಳಿತು. ಅಧ್ಯಕ್ಷರು ರಾಧಾಕೃಷ್ಣನ್.

ಅವರ ಹೆಸರು ಬಂದ ಮೇಲೆ ಮೈಸೂರಿಗೆ ಹೋಗಿ ಬರದೆ ಇರಲಾದೀತೆ? 1918ರಿಂದ 1921ರವರೆಗೆ ಅವರು ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದು ರೈಲು ನಿಲ್ದಾಣ ಮುಟ್ಟಿಸಿದರು ಎಂಬ ಕತೆಯನ್ನು ನೀವು ಕೇಳಿಯೇ ಇರುತ್ತೀರಿ. ನಾನು ತರಗತಿಯಲ್ಲಿ ಪ್ರತಿ ಸೆಪ್ಟೆಂಬರ್ 5ಕ್ಕೆ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, ‘ಎಳೆದವರಿಗೆ ಎಷ್ಟು ಕ್ರೆಡಿಟ್ ಕೊಟ್ರು ಸಾರ್?’ ಎಂದ. ತರಗತಿಯೆಲ್ಲ ನಕ್ಕಿತು. ಆಂತರಿಕ ಅಂಕದಲ್ಲಿ ಅವನಿಗೆ ನಲವತ್ತಕ್ಕೆ ಮೂವತ್ತೊಂಬತ್ತು ಹಾಕಿದೆ. ಒಂದು ಕಳೆದದ್ದು ಬೆಂಚು ಬಡಿದದ್ದಕ್ಕೆ.

ಉಪಸಮಿತಿಗೆ ಮರಳೋಣ, ಟೀ ಆರುತ್ತಿದೆ. ಮುಂದಿನ ತಕರಾರು ಕ್ರಿಯಾಪದಗಳದ್ದು. ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ಪಂಡಿತರು 1956ರಲ್ಲಿ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದರು. ಅವರೇನೋ ಸದುದ್ದೇಶದಿಂದಲೇ ಮಾಡಿದ್ದು. ಈಗ ಪ್ರತಿ ಪತ್ರಿಕೆಯ ತಲೆಯಲ್ಲಿ, ಇದನ್ನು ಓದಿದ ವಿದ್ಯಾರ್ಥಿ ಏನು ಮಾಡಬಲ್ಲ ಎಂದು ಬರೆಯಬೇಕು, ಮಾಡಿದ್ದನ್ನು ಅಳೆಯುವಂತಿರಬೇಕು. ಗುರುತಿಸುವನು, ಪಟ್ಟಿ ಮಾಡುವನು, ಹೋಲಿಸುವನು, ಇವೆಲ್ಲ ಸರಿ. ಮೇಡಮ್ಮು ಒಂದು ಕಡೆ ‘ಸವಿಯುವನು’ ಎಂದು ಬರೆದಿದ್ದರು. ಸಮಿತಿಯವರು ಅದನ್ನು ಹೊಡೆದು ಹಾಕಿದರು. ಸವಿಯನ್ನು ಅಳೆಯುವುದು ಹೇಗೆ? ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ನಮ್ಮ ಕಾವ್ಯದ ಪತ್ರಿಕೆಯಲ್ಲಿ ‘ಆಸ್ವಾದಿಸುವರು’ ಎಂದಿತ್ತು. ಮರುದಿನವೇ ಹೋಗಿ, ಯಾರೂ ನೋಡುವ ಮುಂಚೆ, ‘ಕವಿಯ ಐದು ಕೃತಿಗಳನ್ನು ಪಟ್ಟಿ ಮಾಡುವರು’ ಎಂದು ತಿದ್ದಿ ಬಂದೆ. ಅದಾದ ಮೇಲೆ ನಮ್ಮ ಹುಡುಗರು ಬಹಳ ಚೆನ್ನಾಗಿ ಪಟ್ಟಿ ಮಾಡುತ್ತಿದ್ದಾರೆ.

ಉಲ್ಲೇಖ ಗ್ರಂಥಗಳ ಸರದಿ ಬಂತು. ಮೇಡಮ್ಮಿನ ಪಟ್ಟಿಯಲ್ಲಿ ಎರಡು ಆಹಾರ ವಿಜ್ಞಾನದ ಪುಸ್ತಕ, ಮೂರನೆಯದಾಗಿ ‘ನಮ್ಮ ದೊಡ್ಡಮ್ಮ, ಸಾಗರ’.

‘ಇದು ಯಾವ ಆವೃತ್ತಿ?’ ಎಂದು ಕೇಳಿದರು ಅಧ್ಯಕ್ಷರು, ಕನ್ನಡಕದ ಮೇಲಿಂದ.

‘ಹಳೆಯದೇ ಸರ್. ಎಂಬತ್ತೆರಡು.’

ಇತ್ತೀಚಿನ ಐದು ವರ್ಷದ ಪುಸ್ತಕಗಳಿರಲಿ ಎಂದು ನಡಾವಳಿಯಲ್ಲಿ ಬರೆಸಿದರು.

ಐದನೆಯ ಘಟಕ, ಆ ಭರಣಿ, ಉಳಿದೀತೆ? ‘ಇದಕ್ಕೆ ಅಂಕ ಹೇಗೆ? ಮನೆಯಲ್ಲಿ ಅಮ್ಮ ಹಾಕಿಕೊಟ್ಟರೆ?’ ಎಂದರು. ಭರಣಿಯ ಬದಲು ‘ಕ್ಷೇತ್ರ ಭೇಟಿ, 5 ಗಂಟೆ’ ಎಂದು ಹಾಕಿದರು. ಐದು ಗಂಟೆಯ ಲೆಕ್ಕ ಎಲ್ಲಿಂದ ಬಂತೆಂದು ನನಗೆ ಗೊತ್ತು. ಪರಿಸರ ಅಧ್ಯಯನದಿಂದ.

ಆ ಪತ್ರಿಕೆಯ ಚರಿತ್ರೆಯೇ ಒಂದು ಸಿನಿಮಾ. ಸಾಮಾನ್ಯ ಪತ್ರಿಕೆಗಳೆಲ್ಲ ಮಂಡಳಿಯಲ್ಲಿ ಹುಟ್ಟಿದರೆ ಇದು ಹುಟ್ಟಿದ್ದು ಸುಪ್ರೀಂ ಕೋರ್ಟಿನಲ್ಲಿ. ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲಿ ತೀರ್ಪಾಯಿತು. ಶಾಲೆ ಕಾಲೇಜುಗಳಲ್ಲಿ ಪರಿಸರ ಪಾಠ ಇರಲಿ, ಚಿತ್ರಮಂದಿರಗಳು ಪ್ರತಿ ಆಟದಲ್ಲೂ ಪರಿಸರದ ಎರಡು ಸ್ಲೈಡನ್ನಾದರೂ ಪುಕ್ಕಟೆ ತೋರಿಸಲಿ ಎಂದು. ಚಿತ್ರಮಂದಿರದವರು ಹೇಗೋ ಎರಡು ಸ್ಲೈಡಿನಲ್ಲಿ ಪಾರಾದರು. ನಮಗೆ ಯು.ಜಿ.ಸಿ. ಪದವಿ ತರಗತಿಗೆ 50 ಉಪನ್ಯಾಸಗಳ ಪಠ್ಯ ಕಳಿಸಿತು. ಅದರ ಕೊನೆಯ ಘಟಕ ಕ್ಷೇತ್ರಕಾರ್ಯ, ಐದು ಉಪನ್ಯಾಸ ಗಂಟೆ. ನದಿಯೋ ಕಾಡೋ ಹುಲ್ಲುಗಾವಲೋ ಬೆಟ್ಟವೋ ಹತ್ತಿರದ್ದೊಂದು ನೋಡಿ ಬನ್ನಿ, ಸಾಮಾನ್ಯ ಗಿಡ, ಹುಳ, ಹಕ್ಕಿಗಳನ್ನು ಗುರುತಿಸಿ ಎಂದು. ಎಷ್ಟು ಚೆಂದದ ಸಾಲು! ಮಾಡಿದವರೆಷ್ಟು ಜನ? ಝೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿಗೆ ‘ಕ್ಷೇತ್ರ ಭೇಟಿ ವರದಿ’ ಸಿಗುತ್ತಿತ್ತು, ಹೆಸರಿನ ಜಾಗ ಖಾಲಿ ಬಿಟ್ಟು. ಒಂದು ವರ್ಷ ಗಂಟೆ ಕಡಿಮೆ ಬಿದ್ದು ಕನ್ನಡದ ನನಗೇ ಆ ಪತ್ರಿಕೆ ಗಂಟುಬಿತ್ತು. ನಿಜವಾಗಿಯೂ ಹುಡುಗರನ್ನು ಕರೆದುಕೊಂಡು ಊರ ಕೆರೆಗೆ ಹೋದೆ. ಕೆರೆ ಇತ್ತು, ನೀರಿರಲಿಲ್ಲ, ಒಂದು ಎಮ್ಮೆ ಇತ್ತು. ಬೆಂಗಳೂರಿನವರಿಗಾದರೆ ಇನ್ನೂ ಅನುಕೂಲ. ಧರ್ಮಾಂಬುಧಿ ಕೆರೆ ನೋಡಬೇಕಾದರೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿದರಾಯಿತು, ಕಾಲ ಕೆಳಗೇ ಇದೆ.

ಇಂಥ ಹೊತ್ತಿನಲ್ಲಿ ನನಗೆ ಬಿ.ಜಿ.ಎಲ್. ಸ್ವಾಮಿ ನೆನಪಾಗುತ್ತಾರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಹುಡುಗರನ್ನು ಕಟ್ಟಿಕೊಂಡು ಕಾಡು ಮೇಡು ಅಲೆದು, ಆ ಗಿಡಗಳ ಕತೆಯನ್ನು ‘ಹಸುರು ಹೊನ್ನು’ ಎಂದು ಕನ್ನಡದಲ್ಲಿ ಬರೆದರು. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ. ಈಗ ಹೇಳಿ, ಆ ಪುಸ್ತಕ ಯಾವ ನಿಕಾಯದ್ದು? ಕಲೆಯೋ, ವಿಜ್ಞಾನವೋ? ಅದನ್ನೇ ಪತ್ರಿಕೆಯಾಗಿ ನಮ್ಮ ಉಪಸಮಿತಿಯ ಮುಂದಿಟ್ಟಿದ್ದರೆ ಸಸ್ಯಶಾಸ್ತ್ರದವರು ‘ತುಂಬಾ ನಗು ಇದೆ’ ಎನ್ನುತ್ತಿದ್ದರು, ಕನ್ನಡದವರು ‘ತುಂಬಾ ಗಿಡ ಇದೆ’ ಎನ್ನುತ್ತಿದ್ದರು. ಎಲ್ಲರೂ ಓದಬೇಕಾದ ಒಂದೇ ಒಂದು ಪತ್ರಿಕೆ ಆರಿಸು ಎಂದರೆ ನಾನು ಕಣ್ಣುಮುಚ್ಚಿ ಅದನ್ನು ಇಡುತ್ತೇನೆ. ಆಂತರಿಕ ಅಂಕ 100, ಪರೀಕ್ಷೆಗೆ ಸೊನ್ನೆ. ಯಾರೂ ಒಪ್ಪುವುದಿಲ್ಲ, ಬಿಡಿ.

ಕೊನೆಗೆ ನಮ್ಮ ಉಪಸಮಿತಿ ಹೊರಗೆ ಬಿಟ್ಟ ಪತ್ರಿಕೆಯ ಹೆಸರು ‘ಆಹಾರ ಸಂರಕ್ಷಣೆಯ ಮೂಲತತ್ತ್ವಗಳು’. ಅದರಲ್ಲಿ ಉಪ್ಪಿನಕಾಯಿ ಎಂಬ ಶಬ್ದ ಒಂದೇ ಒಂದು ಕಡೆ ಇತ್ತು, ಜಾಮ್ ಮತ್ತು ಜೆಲ್ಲಿಯ ನಂತರ. ಗಾದೆಗಳ ಅರ್ಧ ಘಟಕ ಬಿದ್ದುಹೋಯಿತು, ಅದಕ್ಕೆ ಮೇಡಮ್ಮಿಗೆ ನಾನು ಋಣಿ. ಅಷ್ಟು ಹೊತ್ತಿಗೆ ತರಗತಿಗಳು ಶುರುವಾಗಿ ಎರಡು ತಿಂಗಳಾಗಿತ್ತು. ಶೈಕ್ಷಣಿಕ ಪರಿಷತ್ತು ಇನ್ನೂ ಸೇರಿರಲಿಲ್ಲ. ಹಾಗಾದರೆ ಪಾಠ ಹೇಗೆ ನಡೆಯಿತು ಎಂದಿರಾ? ನಮ್ಮ ಕಚೇರಿಗನ್ನಡದಲ್ಲಿ ಒಂದು ಅಮೂಲ್ಯ ಶಬ್ದವಿದೆ: ಘಟನೋತ್ತರ ಅನುಮೋದನೆ. ಮೊದಲು ಘಟಿಸುವುದು, ಆಮೇಲೆ ಒಪ್ಪುವುದು. ಓಡಿಹೋಗಿ ಮದುವೆಯಾದವರನ್ನು ಮಗು ಹುಟ್ಟಿದ ಮೇಲೆ ಮನೆಗೆ ಕರೆದು ಆರತಿ ಎತ್ತುವುದಿಲ್ಲವೆ, ಹಾಗೆ. ಪರಿಷತ್ತು ಸೇರಿದ ದಿನ ಆ ಪತ್ರಿಕೆಯ ಮೊದಲ ಪರೀಕ್ಷೆ ಮುಗಿದಿತ್ತು. ಕಾರ್ಯಸೂಚಿಯಲ್ಲಿ ಅದು ಬಂದದ್ದು ಊಟಕ್ಕೆ ಹತ್ತು ನಿಮಿಷ ಮುಂಚೆ. ಯಾರೂ ಚರ್ಚಿಸಲಿಲ್ಲ, ಎಲ್ಲರೂ ಅನುಮೋದಿಸಿದರು. ಊಟದಲ್ಲಿ ಬಡಿಸಿದ್ದು ಪೊಟ್ಟಣದ ಉಪ್ಪಿನಕಾಯಿ.

ಪತ್ರಿಕೆ ಮೂರು ವರ್ಷ ನಡೆಯಿತು. ನಡಾವಳಿ ಏನೇ ಹೇಳಲಿ, ಮೇಡಮ್ಮು ಮಾತ್ರ ಪ್ರತಿ ವರ್ಷ ಹುಡುಗರಿಂದ ಭರಣಿ ಹಾಕಿಸಿದರು, ಅಂಕವಿಲ್ಲದೆ. ಬಿ.ಕಾಂ. ಹುಡುಗನೊಬ್ಬ ಊರಿಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಹಾಕಿ ತಂದಿದ್ದನಂತೆ. 2024ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ ರಾಷ್ಟ್ರೀಯ ನೀತಿ ತಂದಿದ್ದ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದಾಯಿತು. ಹೊಸ ಪಠ್ಯಕ್ರಮಕ್ಕಾಗಿ ಮಂಡಳಿಗಳು ಮತ್ತೆ ಕೂತವು, ಬಾಹ್ಯ ಸದಸ್ಯರು ಮತ್ತೆ ರೈಲು ಹತ್ತಿದರು. ನಮ್ಮ ಪತ್ರಿಕೆ ಆ ಗಡಿಬಿಡಿಯಲ್ಲಿ ಎಲ್ಲೋ ಇಳಿದುಹೋಯಿತು. ಅಷ್ಟರಲ್ಲಿ ನಾನೂ ಇಳಿದಿದ್ದೆ.

ನನ್ನ ಬೀಳ್ಕೊಡುಗೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬಂದವು. ಮೇಡಮ್ಮು ತಂದದ್ದು ಒಂದು ಭರಣಿ ಮಿಡಿ. ದೊಡ್ಡಮ್ಮನ ಕೈಯದ್ದು. ಮನೆಯಾಕೆ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟು ಹಬ್ಬಕ್ಕೊಂದು, ನೆಂಟರಿಗೊಂದು ಎಂದು ತೆಗೆಯುತ್ತಾಳೆ. ಇನ್ನೂ ಎಂಟು-ಹತ್ತು ಉಳಿದಿವೆ. ನೀವು ಈ ಕಡೆ ಬಂದರೆ ಮೊಸರನ್ನದ ಹೊತ್ತಿಗೆ ಬನ್ನಿ. ನಿಮ್ಮ ಬಿ.ಓ.ಎಸ್. ಎಷ್ಟು ಗಂಟೆಗೆ ಇಲ್ಲಿ ಬಿಡುತ್ತದೆಂದು ಮಾತ್ರ ಮೊದಲೇ ಒಂದು ಫೋನು ಮಾಡಿ.